ಗೊಂಬೆ ಕೊಡೋ ಮುಂಚೆ ಒಂದ್ಸಲ ಮುಟ್ಟಿ ನೋಡಿ (ಹಳೇ ಗೊಂಬೆ ಸರಣಿ, ಭಾಗ 4)

ಹೋದ ಪೋಸ್ಟ್ ಹಾಕಿದ್ಮೇಲೆ ಡಿಎಂ ತುಂಬಾ ಒಂದೇ ಪ್ರಶ್ನೆ: "ನಮ್ಮನೇಲೂ ಬಾರ್ಬಿ ಐತೆ, ಬೆನ್ನ ಮೇಲೆ 1966 ಅಂತ ಐತೆ, ಎಷ್ಟಕ್ಕೆ ಹೋಗುತ್ತೆ?"

ಆಸೆಗೆ ತಣ್ಣೀರು ಎರಚ್ತಿದೀನಿ, ಬೇಜಾರಾಗ್ಬೇಡಿ. 1966 ಅನ್ನೋದು ಆ ಮೈಯ ವಿನ್ಯಾಸದ ಕಾಪಿರೈಟ್ ವರ್ಷ, ಗೊಂಬೆ ಹುಟ್ಟಿದ ವರ್ಷ ಅಲ್ಲ. 90ರ ದಶಕದ ಬಾರ್ಬಿ ಬೆನ್ನಲ್ಲೂ ಅದೇ 1966 ಇರುತ್ತೆ. ಜೊತೆಗೆ ಇಂಡಿಯಾ ಅಂತ ಅಚ್ಚಾಗಿದ್ರೆ ಇನ್ನೂ ಸುಲಭ: ಮ್ಯಾಟೆಲ್ ಕಂಪನಿ ಇಲ್ಲಿ ಲಿಯೊ ಜೊತೆ ಸೇರಿ ಬಾರ್ಬಿ ಮಾಡೋಕೆ ಶುರು ಮಾಡಿದ್ದೇ 80ರ ದಶಕದಲ್ಲಿ. "60 ವರ್ಷದ ವಿಂಟೇಜ್" ಅಂತ ಆ್ಯಪಲ್ಲಿ ಸಾವಿರಗಟ್ಟಲೆ ಕೇಳೋರನ್ನ ನಂಬಿ ದುಡ್ಡು ಕಳ್ಕೋಬೇಡಿ.

ರೇಟಿನ ಮಾತು ಅಷ್ಟೇ. ನಂಗೆ ಹೇಳ್ಬೇಕಾಗಿರೋದು ಬೇರೆ.

ನಮ್ಮ ದೇವಸಮುದ್ರದ ಕಡೆ ಹಳೇ ಗೊಂಬೆ ಮಾರೋರಿಗಿಂತ ಕೊಡೋರೇ ಜಾಸ್ತಿ. ಅಟ್ಟ ಕ್ಲೀನ್ ಮಾಡ್ದಾಗ ಸಿಕ್ಕಿದ್ದನ್ನ ಚೀಲಕ್ಕೆ ತುಂಬಿ ತಂಗಿ ಮಗಳಿಗೋ ಪಕ್ಕದ ಮನೆ ಪಾಪುಗೋ ಅಂಗನವಾಡಿಗೋ ದಾಟಿಸ್ತೀವಿ. ಒಳ್ಳೇ ಮನಸ್ಸು, ಒಪ್ಕೊಂಡೆ. ಆದ್ರೆ ಎರಡು ವರ್ಷದ ಮಗು ಗೊಂಬೇನ ಮೊದಲು ನೋಡೋದಿಲ್ಲ ಕಣ್ರಪ್ಪ, ಬಾಯಿಗೆ ಹಾಕುತ್ತೆ.

ಅದಕ್ಕೇ ಮುಟ್ಟಿ ನೋಡಿ ಅಂದಿದ್ದು. ಮೆತ್ತನೆ ಗೊಂಬೆ ಬೆರಳಿಗೆ ಅಂಟಂಟು ಅನ್ನಿಸ್ತಿದ್ಯಾ? ಎಲ್ರೂ ಅದನ್ನ ಕೊಳೆ ಅನ್ಕೋತಾರೆ. ಸೋಪು ಹಾಕಿ ಉಜ್ಜಿದ್ರೆ ಹೋಗುತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಬರುತ್ತೆ. ಯಾಕಂದ್ರೆ ಅದು ಒಳಗಿಂದ ಬರ್ತಿರೋದು. ಪಿವಿಸಿ ಅನ್ನೋ ಪ್ಲಾಸ್ಟಿಕ್ ಮೂಲದಲ್ಲಿ ಗಟ್ಟಿ, ನಮ್ಮ ಬೋರ್‌ವೆಲ್ ಪೈಪಿನ ಥರ. ಗೊಂಬೆ ಕೆನ್ನೆ ಮೆತ್ತಗಾಗ್ಲಿ ಅಂತ ಅದಕ್ಕೆ ಎಣ್ಣೆಯಂಥ ರಾಸಾಯನಿಕ ಬೆರೆಸ್ತಾರೆ. ಹಳೇ ಗೊಂಬೆಗಳಲ್ಲಿ ಅದು ಸಾಮಾನ್ಯವಾಗಿ ಥಾಲೇಟ್. ವರ್ಷ ಕಳೆದ ಹಾಗೆ ಆ ಎಣ್ಣೆ ಮೇಲಕ್ಕೆ ಬರುತ್ತೆ. ದೆಹಲಿಯ ಸಿಎಸ್‌ಇ ಸಂಸ್ಥೆ 2010ರಲ್ಲಿ 24 ಆಟಿಕೆ ಪರೀಕ್ಷೆ ಮಾಡಿಸಿದಾಗ ಎಲ್ಲದರಲ್ಲೂ ಥಾಲೇಟ್ ಸಿಕ್ಕಿತ್ತು. ಯುರೋಪಲ್ಲಿ ಮಕ್ಕಳ ಆಟಿಕೆಗೆ ಇದರ ಮಿತಿ 0.1 ಪರ್ಸೆಂಟ್. ನಮ್ಮಲ್ಲಿ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಆಗಿದ್ದು 2021ರ ಜನವರಿಯಿಂದ. ಅಂದ್ರೆ ನಿಮ್ಮ ಅಟ್ಟದಲ್ಲಿರೋದು ಬಹುಪಾಲು ಆ ಕಾನೂನಿಗಿಂತ ಹಳೇದು.

ನನ್ನ ಅಭಿಪ್ರಾಯ ಖಡಕ್ಕಾಗೇ ಹೇಳ್ತೀನಿ: ಅಂಟೋ ಗೊಂಬೇನ ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ನೆನಪಿಗೆ ಬೇಕಂದ್ರೆ ಹತ್ತಿ ಬಟ್ಟೇಲಿ ಸುತ್ತಿ ನೆರಳಲ್ಲಿಡಿ, ಪ್ಲಾಸ್ಟಿಕ್ ಕವರಲ್ಲಿ ಕಟ್ಟಬೇಡಿ. ಬೇಡ ಅಂದ್ರೆ ಒಣ ಕಸಕ್ಕೆ. ನೀರೊಲೆಗೆ ಮಾತ್ರ ಹಾಕಬೇಡಿ! ಪಿವಿಸಿ ಸುಟ್ಟ ಹೊಗೆ ಆಮ್ಲದ ಹೊಗೆ, ಅದರಲ್ಲಿ ಡಯಾಕ್ಸಿನ್ ಅನ್ನೋ ವಿಷವೂ ಇರುತ್ತೆ. ಒಲೆ ಮುಂದೆ ಕೂತು ಅದನ್ನ ಉಸಿರಾಡೋದು ಅಮ್ಮಂದಿರೇ.

ಪೀಂ ಅಂತ ಕೂಗೋ ಗೊಂಬೆ ಇದ್ರೆ ಒಂದು ಸಲ ಬಿಳಿ ಬಟ್ಟೆ ಮೇಲೆ ಹಿಂಡಿ. ಕಪ್ಪು ನೀರು ಬಂತಾ? ಒಳಗೆ ಬೂಸ್ಟು ಹಿಡಿದೈತೆ. ಒಳಗೆ ಬ್ರಶ್ ಹೋಗಲ್ಲ, ಬಿಟ್ಬಿಡಿ.

ಇವೆರಡೂ ಇಲ್ಲ ಅಂದ್ರೆ ಖುಷಿಯಾಗಿ ತೊಳೀರಿ. ನಾಯಕನಹಟ್ಟಿ ತೇರಲ್ಲಿ ಸಿಗೋ ಥರದ್ದು, ಒಳಗೆ ಟೊಳ್ಳು, ಮಧ್ಯೆ ಜೋಡಿಸಿದ ಗೆರೆ, ಎಲ್ಲೂ ಹೆಸರಿಲ್ಲ, ಅಂಥವಕ್ಕೆ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪಿನ ಎರಡು ಹನಿ, ಹಳೇ ಟೂತ್‌ಬ್ರಶ್ ಸಾಕು. ಮಲಗಿಸಿದ್ರೆ ಕಣ್ಣು ಮುಚ್ಚೋ ಗೊಂಬೇನ ಮುಳುಗಿಸಬೇಡಿ, ಕಣ್ಣಿನ ಹಿಂದೆ ಕಬ್ಬಿಣದ ತುಂಡು ಇರಬಹುದು, ತುಕ್ಕು ಹಿಡಿಯುತ್ತೆ. ಒದ್ದೆ ಬಟ್ಟೇಲಿ ಒರೆಸಿ. ಕೂದಲಿಗೆ ಶಾಂಪೂ ಹಾಕಿ, ಆಮೇಲೆ ಕಂಡೀಷನರ್, ತುದಿಯಿಂದ ಮೇಲಕ್ಕೆ ಬಾಚಿ. ನಮ್ಮ ಬೋರ್ ನೀರಲ್ಲಿ ತೊಳೆದು ಹಾಗೇ ಬಿಟ್ರೆ ಬಿಳಿ ಕಲೆ ಉಳಿಯುತ್ತೆ, ತಕ್ಷಣ ಒರೆಸಿ. ಬಿಸಿಲಿಗೆ ಇಡಬೇಡಿ, ನಮ್ಮೂರ ಬಿಸಿಲು ಗೊತ್ತಲ್ಲ, ಬಣ್ಣ ಹಳದಿಗೆ ತಿರುಗುತ್ತೆ.

ನೇಲ್ ಪಾಲಿಶ್ ರಿಮೂವರ್ ಹಾಕ್ಬೋದಾ ಅಂತ ಮೂರು ಜನ ಕೇಳಿದ್ರಿ. ಬೇಡ ಮಾರಾಯ್ರೆ. ಅದರಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತೆ, ತುಟಿ-ಹುಬ್ಬು ಅಳಿಸಿ ಹೋಗುತ್ತೆ, ಗಟ್ಟಿ ಪ್ಲಾಸ್ಟಿಕ್ ಆದ್ರೆ ಕರಗಲೂಬಹುದು. ಪೆನ್ನಿನ ಗೀಚಿಗೆ ಮೊಡವೆಗೆ ಹಚ್ಚೋ ಬೆಂಜಾಯ್ಲ್ ಪೆರಾಕ್ಸೈಡ್ ಮುಲಾಮು ಕೆಲಸ ಮಾಡುತ್ತೆ. ಕಲೆ ಮೇಲಷ್ಟೇ ಹಚ್ಚಿ ಕಿಟಕಿ ಬೆಳಕಲ್ಲಿ ಇಡಿ, ದಿನಾ ನೋಡ್ತಿರಿ, ಕಲೆ ಹೋದ್ಮೇಲೆ ಚೆನ್ನಾಗಿ ತೊಳೀರಿ. ಬಣ್ಣ ಬಳಿದ ಮುಖಕ್ಕೆ ಮಾತ್ರ ಬೇಡ, ಅದೂ ಬಿಳಿಚಿಕೊಳ್ಳುತ್ತೆ.

ಅನುಮಾನ ಇದ್ರೆ ಡಿಎಂ ಮಾಡಿ. ಮುಖದ ಫೋಟೊ ಒಂದೇ ಕಳಿಸಿದ್ರೆ ಪ್ರಯೋಜನ ಇಲ್ಲ; ಕೂದಲು ಎತ್ತಿ ಕುತ್ತಿಗೆ ಹಿಂದೆ ಒಂದು, ಬೆನ್ನಿಂದು ಒಂದು, ಪಾದದ ಅಡಿದು ಒಂದು. ಅಂಟುತ್ತೋ ಇಲ್ವೋ ಅನ್ನೋದನ್ನ ನೀವೇ ಬರೀಬೇಕು, ಅದು ಫೋಟೊದಲ್ಲಿ ಕಾಣಲ್ಲ.