ಜಠರಕ್ಕೂ ಶ್ವಾಸನಾಳಕ್ಕೂ ನಡುವೆ ತೂತು: ಅಳತೆ ಕೊಟ್ಟು ಮಾಡಿಸೋ ಸ್ಟೆಂಟ್ ಬಗ್ಗೆ ನನ್ನ ಎರಡು ಮಾತು

ಫಿಸ್ಟುಲಾ ಅಂದ್ರೆ ನಮ್ಮ ಬ್ಯಾಚ್‌ನ ಅರ್ಧ ಜನಕ್ಕೆ ನೆನಪಾಗೋದು ಸರ್ಜರಿ ವೈವಾದ ಭಗಂದರ. ಇನ್ನರ್ಧ ಜನಕ್ಕೆ ಪೀಡಿಯಾಟ್ರಿಕ್ಸ್ ಪುಸ್ತಕದಲ್ಲಿರೋ ನವಜಾತ ಶಿಶುವಿನ ಅನ್ನನಾಳದ ಚಿತ್ರ. ಆದ್ರೆ ಜಠರಕ್ಕೂ ಶ್ವಾಸನಾಳಕ್ಕೂ ನಡುವೆ ತೂತು? ಒಂದು ವಪೆಯ ಕೆಳಗೆ, ಇನ್ನೊಂದು ಎದೆಯೊಳಗೆ. ಎರಡೂ ಭೇಟಿ ಆಗೋದಾದ್ರೂ ಎಲ್ಲಿ?

ಭೇಟಿ ಮಾಡಿಸೋದು ನಾವೇ. ಅನ್ನನಾಳದ ಕ್ಯಾನ್ಸರ್‌ಗೆ ಆಪರೇಷನ್ ಮಾಡಿ ಆ ಭಾಗ ತೆಗೆದ ಮೇಲೆ, ಜಠರವನ್ನೇ ಕೊಳವೆ ತರ ಮಾಡಿ ಎದೆಗೆ ಎಳೆದು ಜೋಡಿಸ್ತಾರೆ. ಈಗ ಅದು ಶ್ವಾಸನಾಳದ ಬೆನ್ನಿಗೇ ಅಂಟಿಕೊಂಡ ಹಾಗೆ ಕೂತಿರುತ್ತೆ. ಹೊಲಿಗೆ ಸೋರಿದ್ರೆ, ಹುಣ್ಣಾದ್ರೆ, ರೇಡಿಯೇಷನ್‌ನಿಂದ ಅಂಗಾಂಶ ಸತ್ತರೆ, ಕ್ಯಾನ್ಸರ್ ಮತ್ತೆ ಬಂದ್ರೆ, ನಡುವಿನ ಗೋಡೆ ತೂತಾಗಬಹುದು. ಅಪರೂಪ, ಒಪ್ಪಿದೆ. ಆದ್ರೆ ಹೊಗೆಸೊಪ್ಪು, ಅಡಿಕೆ ಜಗಿಯೋ ನಮ್ಮ ಕಡೆ ಅನ್ನನಾಳದ ಕ್ಯಾನ್ಸರ್ ಅಪರೂಪ ಅಲ್ಲ.

ಈ ತೂತಿನ ಕ್ರೂರತನ ಏನಂದ್ರೆ, ಊಟ ನಿಲ್ಲಿಸಿದ್ರೂ ಅದು ಬಿಡೋದಿಲ್ಲ. ಬಾಯಿಗೆ ಹನಿ ನೀರು ಹಾಕದೆ ಸಣ್ಣ ಕರುಳಿಗೆ ಟ್ಯೂಬಲ್ಲಿ ಆಹಾರ ಕೊಟ್ರೂ ಜಠರ ತನ್ನ ಪಾಡಿಗೆ ಆಮ್ಲ ಮಾಡ್ತಾನೇ ಇರುತ್ತೆ. ಮಲಗಿದ್ರೆ ಅದು ಶ್ವಾಸಕೋಶಕ್ಕೆ ಇಳಿಯುತ್ತೆ. ಹಾಗಾಗಿ ರೋಗಿ ರಾತ್ರಿಯೆಲ್ಲ ಕೂತೇ ಕಳೀಬೇಕು. ಮೇಲಿಂದ ಮೇಲೆ ನ್ಯುಮೋನಿಯಾ. ವೆಂಟಿಲೇಟರ್ ಹಾಕಿದ್ರೆ ಗಾಳಿ ಜಠರಕ್ಕೆ ಸೋರುತ್ತೆ.

"ಒಳಗಿಂದ ಜಠರದ ಕಡೆಯೇ ಒಂದು ಸ್ಟೆಂಟ್ ಹಾಕಿಬಿಡಿ" ಅಂತ ಅನಿಸುತ್ತೆ ಅಲ್ವಾ? ಅನ್ನನಾಳ ಕಿರಿದು, ಅಲ್ಲಿ ಸ್ಟೆಂಟ್ ಗೋಡೆ ಹಿಡಿದು ಕೂರುತ್ತೆ. ಮೇಲೆ ಎಳೆದ ಜಠರ ಅಗಲ, ಅಲ್ಲಿ ಅದು ಸುತ್ತಲೂ ಸೋರುತ್ತೆ, ಜಾರುತ್ತೆ. ಅದಕ್ಕೇ ಮುಚ್ಚೋದು ಉಸಿರಿನ ಕಡೆಯಿಂದ.

ಅಳತೆಯ ತಕರಾರು ಶುರುವಾಗೋದು ಇಲ್ಲೇ. ತೂತು ಶ್ವಾಸನಾಳ ಕವಲೊಡೆಯೋ ಜಾಗದ ಹತ್ತಿರ ಇದ್ರೆ ನೇರ ಕೊಳವೆ ಸಾಲದು, ವೈ ಆಕಾರದ್ದು ಬೇಕು. ಎಡ ಶ್ವಾಸನಳಿಕೆ ಸುಮಾರು 5 ಸೆಂ.ಮೀ. ಉದ್ದ, ಬಲಗಡೆಯದು ಅದರರ್ಧ, 2.5 ಸೆಂ.ಮೀ. ಆಸುಪಾಸು. ಬಲಗಾಲು ಸ್ವಲ್ಪ ಉದ್ದ ಆದ್ರೂ ಬಲ ಮೇಲಿನ ಹಾಲೆಯ ಬಾಯಿ ಮುಚ್ಚಿಹೋಗುತ್ತೆ. ಗಿಡ್ಡ ಆದ್ರೆ ತೂತು ಪೂರ್ತಿ ಮುಚ್ಚಲ್ಲ. ಸಡಿಲ ಆದ್ರೆ ಸೋರುತ್ತೆ, ಬಿಗಿ ಆದ್ರೆ ಗೋಡೆ ಒತ್ತಿ ಇದ್ದ ತೂತನ್ನೇ ದೊಡ್ಡದು ಮಾಡುತ್ತೆ. ರೆಡಿಮೇಡ್ ಶರ್ಟ್ ತೋಳು ಉದ್ದ ಆದ್ರೆ ಮಡಚಿಕೊಳ್ಳಬಹುದು, ಇದನ್ನ ಮಡಚೋಕಾಗಲ್ಲ 🙂

ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಅನ್ನನಾಳದ ಕ್ಯಾನ್ಸರ್ ತುಂಬಾ ಹೆಚ್ಚು. ಅಲ್ಲಿನ ಝೆಂಗ್‌ಝೌ ನಗರದ ವೈದ್ಯರು ಸಿಟಿ ಸ್ಕ್ಯಾನ್‌ನಲ್ಲಿ ಅಳತೆ ತೆಗೆದು, ಪೊರೆ ಹೊದಿಸಿದ ವೈ ಆಕಾರದ ಲೋಹದ ಸ್ಟೆಂಟ್‌ಗಳನ್ನ ಇಂಥ ರೋಗಿಗಳಿಗೆ ಹಾಕಿದ್ದಾರೆ. ಫ್ರಾನ್ಸ್‌ನ ಟುಲೂಸ್‌ನಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 3ಡಿ ತಂತ್ರದಿಂದ ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಸಿಲಿಕೋನ್ ಸ್ಟೆಂಟ್ ಮಾಡೋ ಕೆಲಸ ನಡೆದಿದೆ. ಅದು ಹೆಚ್ಚಾಗಿ ಶ್ವಾಸನಾಳ ಕಿರಿದಾದವರಿಗೆ, ಆದ್ರೆ ಯೋಚನೆ ಒಂದೇ.

ಈಗ ನನ್ನ ಅಭಿಪ್ರಾಯ, ಜಗಳಕ್ಕೆ ಬರೋರು ಬನ್ನಿ. ಕಸ್ಟಮ್ ಅಂದ ಕೂಡಲೇ 3ಡಿ ಪ್ರಿಂಟರ್ ರೀಲ್ಸ್ ಹಾಕೋದು ನಿಲ್ಸೋಣ. ಇಲ್ಲಿ ಮುಖ್ಯ ಆಗೋದು ಅಳತೆ. ಫ್ರಾನ್ಸ್‌ನ ಮಾರ್ಸೇಯ ಡುಮೋ 1990ರಲ್ಲಿ ಪರಿಚಯಿಸಿದ ಸಿಲಿಕೋನ್ ಸ್ಟೆಂಟನ್ನ ಇವತ್ತಿಗೂ ಥಿಯೇಟರ್‌ನಲ್ಲೇ ಕತ್ತರಿಸಿ, ಅಂಚು ನಯ ಮಾಡಿ, ಹಾಲೆಯ ಬಾಯಿಗೆ ಸರಿಯಾಗಿ ಕಿಂಡಿ ತೆಗೆದು ಹಾಕಬಹುದು. ಅದೂ ಕಸ್ಟಮ್ಮೇ. ಸಿಟಿ ನೋಡಿ ಮಿಲಿಮೀಟರ್ ಲೆಕ್ಕ ಹಾಕೋ ಕಣ್ಣು, ರಿಜಿಡ್ ಬ್ರಾಂಕೋಸ್ಕೋಪಿ ಬಲ್ಲ ಕೈ, ಇವೆರಡನ್ನ ಬೆಳೆಸದೆ ಮಷೀನ್ ತಂದ್ರೆ ಅದು ಉದ್ಘಾಟನೆಯ ರಿಬ್ಬನ್‌ಗಷ್ಟೇ ಸಾಕು.

"ಕೆಲವೇ ತಿಂಗಳು ಬದುಕೋರಿಗೆ ಇಷ್ಟೆಲ್ಲ ಯಾಕೆ?" ಅಂತ ಕೇಳೋರಿದ್ದಾರೆ. ಪ್ರಶ್ನೆ ತಪ್ಪಲ್ಲ, ಖರ್ಚು ಮನೆಯವರ ಮೇಲೆ ಬೀಳೋವಾಗ ಕೇಳಲೇಬೇಕು. ಸ್ಟೆಂಟ್ ಕ್ಯಾನ್ಸರ್ ವಾಸಿ ಮಾಡಲ್ಲ, ಎಷ್ಟೋ ಸಲ ತೂತನ್ನೂ ವಾಸಿ ಮಾಡಲ್ಲ, ಬರೀ ಮುಚ್ಚುತ್ತೆ. ಆದ್ರೆ ಎಲ್ಲರಿಗೂ ಕ್ಯಾನ್ಸರ್ ಮರಳಿರೋದಿಲ್ಲ ಅನ್ನೋದನ್ನ ಮರೀಬೇಡಿ. ಕೆಲವರದ್ದು ಆಪರೇಷನ್ ಅಥವಾ ರೇಡಿಯೇಷನ್‌ನಿಂದ ಆದ ತೂತು. ಇನ್ನು ಕ್ಯಾನ್ಸರ್ ಮರಳಿದವರಿಗೂ, ಕೆಮ್ಮದೆ ಒಂದು ಲೋಟ ನೀರು ಕುಡಿದು, ಕಾಲು ಚಾಚಿ ಮಲಗೋದು ಸಣ್ಣ ಫಲ ಅಂತ ನಾನು ಒಪ್ಪಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಹಾಕಿದ ದಿನದ ಫೋಟೋ ಎಲ್ಲರೂ ಹಾಕ್ತಾರೆ, ಮೂರನೇ ವಾರದ್ದು ಯಾರೂ ಹಾಕಲ್ಲ. ಸ್ಟೆಂಟ್ ಕೂತ ಜಾಗದಲ್ಲಿ ಕಫ ತಳ್ಳೋ ರೋಮಗಳ ಕೆಲಸ ನಿಂತುಹೋಗುತ್ತೆ. ಕಫ ಗಟ್ಟಿಯಾಗಿ ಕೊಳವೆ ಕಟ್ಟುತ್ತೆ, ತುದಿಯಲ್ಲಿ ಮಾಂಸ ಬೆಳೆಯುತ್ತೆ. ನೆಬ್ಯುಲೈಸರ್, ಮತ್ತೆ ಮತ್ತೆ ಬ್ರಾಂಕೋಸ್ಕೋಪಿ, ರಾತ್ರಿ ಉಸಿರು ಕಟ್ಟಿದ್ರೆ ಯಾರಿಗೆ ಫೋನ್ ಮಾಡ್ಬೇಕು ಅನ್ನೋ ನಂಬರ್, ಇಷ್ಟೂ ಸೇರಿ ಚಿಕಿತ್ಸೆ. ದೂರದ ಹಳ್ಳಿಗೆ ವಾಪಸ್ ಹೋಗೋ ರೋಗಿಗೆ ಇದನ್ನ ಹೊಂದಿಸದೆ ಸ್ಟೆಂಟ್ ಹಾಕೋದು ಅರ್ಧ ಕೆಲಸ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸೋ ಮುಂಚೆನೇ ಅವರ ಭಾಷೇಲಿ ಇಷ್ಟನ್ನೂ ಹೇಳ್ಬೇಕು.

ವಾರ್ಡ್‌ಗೆ ಹೋಗೋ ಇಂಟರ್ನ್‌ಗಳಿಗೆ: ಅನ್ನನಾಳದ ಆಪರೇಷನ್ ಆದವರು "ನೀರು ಕುಡಿದ ಕೂಡಲೇ ಕೆಮ್ಮು, ಮಲಗಿದ್ರೆ ಜಾಸ್ತಿ" ಅಂದ್ರೆ ಕೆಮ್ಮಿನ ಸಿರಪ್ ಬರೆದು ಮುಂದಿನ ಬೆಡ್‌ಗೆ ಹೋಗ್ಬೇಡಿ. ಬಾಯಿಂದ ಕೊಡೋದು ನಿಲ್ಲಿಸಿ, ತಲೆ ಕಡೆ ಎತ್ತರ ಮಾಡಿ, ಸೀನಿಯರ್‌ಗೆ ಅವತ್ತೇ ಹೇಳಿ. ಸಿಟಿ, ಬ್ರಾಂಕೋಸ್ಕೋಪಿ ಆಮೇಲಿನ ಮಾತು.

#ಉಸಿರಿನಕಥೆ #ಮೆಡಿಕಲ್‌ಕನ್ನಡ #ವಾರ್ಡ್‌ಮಾತು