ಪ್ರಮಾಣಪತ್ರದಾಚೆಯ ಗುತ್ತಿಗೆದಾರ

ಸರ್ಕಾರವು ತನ್ನ ಕಾಮಗಾರಿಗಳಲ್ಲಿ ಒಂದು ಪಾಲನ್ನು ಯಾವುದಾದರೊಂದು ಸಮುದಾಯಕ್ಕೆ ಅಥವಾ ವರ್ಗಕ್ಕೆ ಮೀಸಲಿಟ್ಟಾಗ, ಆ ಪಾಲನ್ನು ಕೇಳಿ ಬಂದವರು ನಿಜಕ್ಕೂ ಅದಕ್ಕೆ ಅರ್ಹರೇ ಎಂದು ಪರಿಶೀಲಿಸುವ ಹೊಣೆಯೂ ಅದರ ಮೇಲೆಯೇ ಬೀಳುತ್ತದೆ. ಅಮೆರಿಕದಲ್ಲಿ ಇಂಥ ಮೀಸಲು ಮಾಜಿ ಸೈನಿಕರ ಸಣ್ಣ ಉದ್ದಿಮೆಗಳಿಗೆ ಉಂಟು. ಭಾರತದಲ್ಲಿ ಮಾಜಿ ಸೈನಿಕರು ನಡೆಸುವ ಕಾವಲು ಸಂಸ್ಥೆಗಳನ್ನು ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವು ಪಟ್ಟಿ ಮಾಡಿ ಸಾರ್ವಜನಿಕ ಉದ್ದಿಮೆಗಳಿಗೆ ಶಿಫಾರಸು ಮಾಡುತ್ತದೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಗುತ್ತಿಗೆದಾರರಿಗೆ ಕಾನೂನೇ ಪಾಲು ಕೊಟ್ಟಿದೆ. ಮೂರೂ ಕಡೆ ಎದುರಾಗುವ ಪ್ರಶ್ನೆ ಒಂದೇ: ಪರಿಶೀಲನೆ ಯಾವುದನ್ನು ನೋಡಬೇಕು, ವ್ಯಕ್ತಿಯ ಗುರುತನ್ನೋ, ಅವನ ಹೆಸರಿನಲ್ಲಿ ನಡೆಯುವ ಕೆಲಸವನ್ನೋ?

ಸರ್ಕಾರಿ ಖರೀದಿ ಮತ್ತು ಕಾಮಗಾರಿಗಳು ಬಹಿರಂಗ ಟೆಂಡರಿನ ಮೂಲಕವೇ ನಡೆಯಬೇಕೆಂದು ವಿಧಿಸುವ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರಲ್ಲಿ ಬಂದದ್ದು. ಅದಕ್ಕೆ 2016ರಲ್ಲಿ ಮಾಡಿದ ತಿದ್ದುಪಡಿಯು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಶೇ. 17.15ರಷ್ಟನ್ನು ಪರಿಶಿಷ್ಟ ಜಾತಿಗೂ ಶೇ. 6.95ರಷ್ಟನ್ನು ಪರಿಶಿಷ್ಟ ಪಂಗಡಕ್ಕೂ ಮೀಸಲಿಟ್ಟಿತು. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಈ ಸಮುದಾಯಗಳ ಪಾಲು ಇಷ್ಟೇ. 2023ರಲ್ಲಿ ಮೊತ್ತದ ಮಿತಿ ಒಂದು ಕೋಟಿಗೆ ಏರಿತು. ಬಳ್ಳಾರಿ ಜಿಲ್ಲೆಯ ಸಂಡೂರು ಮತ್ತು ಕಂಪ್ಲಿ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳಾಗಿರುವುದರಿಂದಲೂ, ವಾಲ್ಮೀಕಿ ನಾಯಕ ಸಮುದಾಯ ಇಲ್ಲಿ ದೊಡ್ಡದಾಗಿರುವುದರಿಂದಲೂ ಈ ಅಂಕಿಗಳು ಇಲ್ಲಿ ಬರಿಯ ಅಂಕಿಗಳಾಗಿ ಉಳಿಯುವುದಿಲ್ಲ. ತುಂಗಭದ್ರೆಯ ಕಾಲುವೆಗಳ ದುರಸ್ತಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ರಸ್ತೆಗಳು, ಗಣಿ ಗುತ್ತಿಗೆದಾರರು ಕಟ್ಟುವ ವಂತಿಗೆಯಿಂದ ನಡೆಯುವ ಜಿಲ್ಲಾ ಖನಿಜ ಪ್ರತಿಷ್ಠಾನದ ಶಾಲಾ ಕೊಠಡಿಗಳು, ಇವೆಲ್ಲ ಸೇರಿ ಈ ಭಾಗದಲ್ಲಿ ಸಣ್ಣ ಕಾಮಗಾರಿಗಳಿಗೆ ಕೊರತೆಯಿಲ್ಲ.

ವ್ಯಕ್ತಿಯ ಗುರುತನ್ನು ಪರಿಶೀಲಿಸುವ ವ್ಯವಸ್ಥೆ ಕರ್ನಾಟಕದಲ್ಲಿ ಸಾಕಷ್ಟು ಗಟ್ಟಿಯಾಗಿಯೇ ಇದೆ. ಜಾತಿ ಪ್ರಮಾಣಪತ್ರವನ್ನು ತಹಸೀಲ್ದಾರರು ಕೊಡುತ್ತಾರೆ. ಅದು ಸರಿಯೇ ಎಂದು ತೀರ್ಮಾನಿಸಿ ಸಿಂಧುತ್ವ ಪ್ರಮಾಣಪತ್ರ ಕೊಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಜಾತಿ ಪರಿಶೀಲನಾ ಸಮಿತಿ. ಸುಳ್ಳು ಪತ್ರದ ದೂರುಗಳನ್ನು ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ಪೊಲೀಸರು ತನಿಖೆ ಮಾಡುತ್ತಾರೆ. ಮಾಧುರಿ ಪಾಟೀಲ್ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟು ಇಂಥ ಪರಿಶೀಲನೆಗೆ ದೇಶಕ್ಕೆಲ್ಲ ಅನ್ವಯಿಸುವ ಕ್ರಮವನ್ನು ಹಾಕಿಕೊಟ್ಟಿತು. ಈ ಬಿಗಿಗೆ ಕಾರಣಗಳೂ ಇವೆ. ನಾಯಕ ಸಮುದಾಯದ ಪರ್ಯಾಯ ಹೆಸರುಗಳಾದ ಬೇಡ, ಬೇಡರ್, ವಾಲ್ಮೀಕಿ ಮುಂತಾದವು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 1991ರಲ್ಲಿ, ತಳವಾರ ಮತ್ತು ಪರಿವಾರ ಸೇರಿದ್ದು 2020ರಲ್ಲಿ. ತಳವಾರಿಕೆ ಎಂಬುದು ಊರು ಕಾಯುವ ವೃತ್ತಿಯ ಹೆಸರೂ ಆಗಿದ್ದು ಬೇರೆ ಸಮುದಾಯಗಳಲ್ಲೂ ರೂಢಿಯಲ್ಲಿರುವುದರಿಂದ, ಹೆಸರೊಂದನ್ನೇ ನೋಡಿ ಹಕ್ಕನ್ನು ತೀರ್ಮಾನಿಸುವಂತಿಲ್ಲ. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಬೇಡ ಜಂಗಮದ ಹೆಸರಿನಲ್ಲಿ ವೀರಶೈವ ಜಂಗಮರು ಪತ್ರ ಕೇಳುವ ವಿವಾದ ಕಲ್ಯಾಣ ಕರ್ನಾಟಕಕ್ಕೆ ಹಳೆಯದು.

ಆದರೆ ಈ ಇಡೀ ವ್ಯವಸ್ಥೆ ಉತ್ತರಿಸುವುದು ಹುಟ್ಟಿಗೆ ಸಂಬಂಧಿಸಿದ ಪ್ರಶ್ನೆಗೆ ಮಾತ್ರ. ನೌಕರಿಯ ಮೀಸಲಾತಿಗೆ ಇದು ಸಾಕು, ಏಕೆಂದರೆ ಆಯ್ಕೆಯಾದವನೇ ಬಂದು ಕುರ್ಚಿಯಲ್ಲಿ ಕುಳಿತುಕೊಳ್ಳಬೇಕು, ಸಂಬಳವೂ ಅವನಿಗೇ ಸಲ್ಲಬೇಕು. ಗುತ್ತಿಗೆ ಹಾಗಲ್ಲ: ಟೆಂಡರ್ ಹಾಕಿದವನ ಹೆಸರು, ಬಂಡವಾಳ ಹೂಡಿದವನ ಹಣ ಮತ್ತು ಕೆಲಸ ಮಾಡಿಸಿದವನ ಮಾತು ಮೂರು ಬೇರೆ ಬೇರೆ ಜನರದಾಗಿರಬಹುದು. ಪ್ರಮಾಣಪತ್ರ ಅಪ್ಪಟ, ವ್ಯಕ್ತಿ ಅಪ್ಪಟ, ಆದರೆ ಕಾಮಗಾರಿ ಮಾತ್ರ ಮತ್ತೊಬ್ಬರದು. ಲೈಸೆನ್ಸನ್ನು ಬಾಡಿಗೆಗೆ ಕೊಡುವುದೆಂದರೆ ಇದೇ: ಪರಿಶಿಷ್ಟ ಗುತ್ತಿಗೆದಾರನು ತನ್ನ ನೋಂದಣಿಯ ಮೇಲೆ ಟೆಂಡರ್ ಪಡೆದು, ಮುಖ್ತ್ಯಾರ್ ಪತ್ರ ಬರೆದುಕೊಟ್ಟು, ಸಣ್ಣದೊಂದು ಮೊತ್ತಕ್ಕೆ ಕೈತೊಳೆದುಕೊಳ್ಳುತ್ತಾನೆ, ಲಾಭವೆಲ್ಲ ಮುಖ್ತ್ಯಾರನಿಗೆ ಹೋಗುತ್ತದೆ. ಜಾತಿ ಪರಿಶೀಲನಾ ಸಮಿತಿ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಇದನ್ನು ಹಿಡಿಯಲಾರದು, ಹಿಡಿಯುವುದು ಅದರ ಕೆಲಸವೂ ಅಲ್ಲ.

ಅಮೆರಿಕದ ಅನುಭವ ಇಲ್ಲಿ ಪಾಠವಾಗಬಲ್ಲದು. ಅಂಗವಿಕಲ ಮಾಜಿ ಸೈನಿಕರ ಉದ್ದಿಮೆಗಳಿಗೆ ಮೀಸಲಾದ ಗುತ್ತಿಗೆಗಳನ್ನು ಪಡೆದ ಹತ್ತು ಸಂಸ್ಥೆಗಳನ್ನು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ 2009ರಲ್ಲಿ ಕೆದಕಿ ನೋಡಿದಾಗ, ಅನರ್ಹವಾಗಿದ್ದ ಅವುಗಳಿಗೆ ಸುಮಾರು ಹತ್ತು ಕೋಟಿ ಡಾಲರಿನ ಕೆಲಸ ಸಂದಿರುವುದು ತಿಳಿಯಿತು. ಅಲ್ಲಿನ ನಿಯಮದ ಪ್ರಕಾರ ಉದ್ದಿಮೆಯ ಒಡೆತನದಲ್ಲಿ ಕನಿಷ್ಠ ಶೇ. 51 ಮಾಜಿ ಸೈನಿಕನದಾಗಿದ್ದರೆ ಸಾಲದು, ದಿನನಿತ್ಯದ ನಿರ್ವಹಣೆಯೂ ದೀರ್ಘಕಾಲದ ತೀರ್ಮಾನಗಳೂ ಅವನ ಕೈಯಲ್ಲೇ ಇರಬೇಕು. ಈ ಪರಿಶೀಲನೆಯ ಹೊಣೆ 2023ರ ಜನವರಿ 1ರಿಂದ ಮಾಜಿ ಸೈನಿಕರ ಇಲಾಖೆಯಿಂದ ಸಣ್ಣ ಉದ್ದಿಮೆಗಳ ಆಡಳಿತ ಸಂಸ್ಥೆಗೆ ವರ್ಗವಾಗಿದೆ. ಸೈನಿಕನೆಂಬ ದಾಖಲೆ ಸುಲಭವಾಗಿ ಸಿಗುತ್ತದೆ, ಯಜಮಾನನೆಂಬುದಕ್ಕೆ ದಾಖಲೆ ಸಿಗುವುದು ಕಷ್ಟ ಎಂಬುದನ್ನು ಆ ನಿಯಮ ಒಪ್ಪಿಕೊಂಡಿದೆ.

ಅದೇ ಕಟ್ಟಳೆಯನ್ನು ಸಂಡೂರಿಗೆ ಹಾಗೆಯೇ ತಂದರೆ ಆಗುವ ಹಾನಿಯನ್ನೂ ಯೋಚಿಸಬೇಕು. ಸ್ವಂತ ಜೆಸಿಬಿ, ಟಿಪ್ಪರ್, ಇಷ್ಟು ವರ್ಷದ ವಹಿವಾಟು, ಇವನ್ನೆಲ್ಲ ಯಜಮಾನಿಕೆಯ ಗುರುತೆಂದು ಕೇಳತೊಡಗಿದರೆ ಮೊದಲ ಸಲ ಟೆಂಡರ್ ಹಾಕುವ ನಿಜವಾದ ಸಣ್ಣ ಗುತ್ತಿಗೆದಾರನೇ ಹೊರಬೀಳುತ್ತಾನೆ. ಯಂತ್ರವನ್ನು ಬಾಡಿಗೆಗೆ ತರುವುದು ಎಲ್ಲ ಜಾತಿಯ ಗುತ್ತಿಗೆದಾರರ ಪದ್ಧತಿಯಾಗಿರುವಾಗ ಅದನ್ನು ಒಬ್ಬನ ವಿಷಯದಲ್ಲಿ ಮಾತ್ರ ಅನುಮಾನದ ಸಂಗತಿಯಾಗಿಸುವುದು ಅನ್ಯಾಯವೂ ಹೌದು. ಬಾಗಿಲಲ್ಲಿ ಕೇಳುವ ಕಾಗದ ಹೆಚ್ಚಿದಷ್ಟೂ ಕಾಗದ ಹೊಂದಿಸಬಲ್ಲವನಿಗೇ ಅನುಕೂಲ, ಮತ್ತು ಹೆಸರನ್ನು ಬಾಡಿಗೆಗೆ ಪಡೆಯುವ ದೊಡ್ಡ ಗುತ್ತಿಗೆದಾರನ ಕಚೇರಿಯಲ್ಲಿ ಕಾಗದಕ್ಕೆ ಬರವಿರುವುದಿಲ್ಲ. ಆದ್ದರಿಂದ ನೋಡಬೇಕಾದದ್ದು ಆಸ್ತಿಯನ್ನಲ್ಲ. ನಷ್ಟವಾದರೆ ಯಾರ ತಲೆಯ ಮೇಲೆ ಬೀಳುತ್ತದೆ, ತೀರ್ಮಾನ ಯಾರದು ಎಂಬುದನ್ನು. ಬಿಲ್ಲಿನ ಹಣ ಜಮೆಯಾದ ಖಾತೆಯಿಂದ ಅದು ಎರಡೇ ದಿನದಲ್ಲಿ ಇಡಿಯಾಗಿ ಎಲ್ಲಿಗೆ ಹೋಯಿತು, ಅಳತೆ ಪುಸ್ತಕ ಬರೆಯುವಾಗ ಸ್ಥಳದಲ್ಲಿ ನಿಂತವರು ಯಾರು, ಒಬ್ಬನೇ ವ್ಯಕ್ತಿ ಎಷ್ಟು ಗುತ್ತಿಗೆದಾರರ ಮುಖ್ತ್ಯಾರನಾಗಿದ್ದಾನೆ, ಈ ಪ್ರಶ್ನೆಗಳಿಗೆ ಉತ್ತರ ಸಿಗುವುದು ಕೆಲಸ ನಡೆಯುವಾಗ. ಟೆಂಡರಿನ ದಿನ ಅವನ್ನು ಕೇಳಿ ಪ್ರಯೋಜನವಿಲ್ಲ.

ಹೆಸರನ್ನು ಬಾಡಿಗೆಗೆ ಕೊಡುವವನನ್ನು ವಂಚಕನೆಂದಷ್ಟೇ ಕಂಡರೆ ಅರ್ಧ ಸತ್ಯ ಕೈಬಿಟ್ಟುಹೋಗುತ್ತದೆ. ಬಿಲ್ಲು ಬರಲು ತಿಂಗಳುಗಟ್ಟಲೆ ಕಾಯಬೇಕಾದಾಗ, ಸಿಮೆಂಟು ಕಬ್ಬಿಣದವರು ಸಾಲ ನಿಲ್ಲಿಸಿದಾಗ, ಕಾಯುವ ಶಕ್ತಿಯಿಲ್ಲದವನು ಮಾರಬಹುದಾದದ್ದು ತನ್ನ ಹೆಸರನ್ನೇ. ಮೀಸಲು ಗುತ್ತಿಗೆಯ ಬಿಲ್ಲುಗಳಿಗೆ ಗೊತ್ತಾದ ಗಡುವಿನಲ್ಲಿ ಹಣ ಸಂದಾಯವಾಗದ ಹೊರತು ಪರಿಶೀಲನೆ ಎಷ್ಟು ಬಿಗಿಯಾದರೂ ಆ ಮಾರಾಟ ನಿಲ್ಲುವಂತಿಲ್ಲ. ಇನ್ನೊಂದು ಸಂಗತಿಯೂ ಇದೆ: ಹತ್ತು ಸಣ್ಣ ಕೆಲಸಗಳನ್ನು ಒಂದು ಪ್ಯಾಕೇಜಾಗಿ ಕಟ್ಟಿ ಒಂದು ಕೋಟಿಯ ಮಿತಿ ದಾಟಿಸಿದರೆ, ಅಥವಾ ಅಧಿನಿಯಮದ 4(ಜಿ) ವಿನಾಯಿತಿಯಡಿ ಟೆಂಡರಿಲ್ಲದೆ ಸರ್ಕಾರಿ ನಿರ್ಮಾಣ ಸಂಸ್ಥೆಗಳಿಗೆ ವಹಿಸಿದರೆ, ಪರಿಶೀಲಿಸಲು ಮೀಸಲಿನ ಕೆಲಸವೇ ಉಳಿಯುವುದಿಲ್ಲ.

ಆಡಳಿತದ ಗೆರೆಗಳು ಈ ತೊಡಕನ್ನು ಹೆಚ್ಚಿಸಿವೆ. ಸಂಡೂರಿನ ಗುತ್ತಿಗೆದಾರನು ಅದೇ ತಾಲ್ಲೂಕಿನಲ್ಲಿ ಕೇಂದ್ರದ ಸಾರ್ವಜನಿಕ ಉದ್ದಿಮೆ ನಡೆಸುವ ದೋಣಿಮಲೈ ಗಣಿಗೆ ಸಾಮಗ್ರಿ ಒದಗಿಸಹೊರಟರೆ ಅನ್ವಯಿಸುವುದು ಕೇಂದ್ರದ 2012ರ ಖರೀದಿ ಆದೇಶ. ಅದರಲ್ಲಿ ಪರಿಶಿಷ್ಟರ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಶೇ. 4ರ ಪಾಲು, ಪಾಲುದಾರಿಕೆಯಾಗಿದ್ದರೆ ಶೇ. 51ರ ಒಡೆತನದ ನಿಯಮ ಇವೆ, ಆದರೆ ಉದ್ಯಮ್ ನೋಂದಣಿಯಲ್ಲಿ ಸಾಮಾಜಿಕ ವರ್ಗವನ್ನು ಉದ್ಯಮಿಯೇ ಘೋಷಿಸಿಕೊಳ್ಳುತ್ತಾನೆ. ಒಬ್ಬನೇ ಮನುಷ್ಯನಿಗೆ ರಾಜ್ಯ ಒಂದು ಬಗೆಯ ಪ್ರಶ್ನೆ ಕೇಳಿದರೆ ಕೇಂದ್ರ ಮತ್ತೊಂದು ಬಗೆಯದನ್ನು ಕೇಳುತ್ತದೆ, ಕೆಲಸವನ್ನು ನಿಜವಾಗಿ ನಡೆಸುವವರಾರೆಂದು ಪ್ರಶ್ನಿಸುವುದು ಎರಡರ ನೋಂದಣಿಯಲ್ಲೂ ಇಲ್ಲ. 2025ರ ಮಾರ್ಚಿನಲ್ಲಿ ವಿಧಾನಮಂಡಲ ಅಂಗೀಕರಿಸಿದ ಪಾರದರ್ಶಕತೆ ಅಧಿನಿಯಮದ ತಿದ್ದುಪಡಿ ಮಸೂದೆ ಕಾಮಗಾರಿಗಳ ಮಿತಿಯನ್ನು ಎರಡು ಕೋಟಿಗೆ ಏರಿಸಿ, ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಮುಸ್ಲಿಮರಿರುವ ಪ್ರವರ್ಗ 2ಬಿಗೆ ಶೇ. 4ರ ಪಾಲು ಸೇರಿಸಿತು. ರಾಜ್ಯಪಾಲರು ಏಪ್ರಿಲ್‌ನಲ್ಲಿ ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಅದರ ಸುತ್ತ ನಡೆದ ವಾಗ್ವಾದವೆಲ್ಲ ಯಾರಿಗೆ ಪಾಲು ಸಲ್ಲಬೇಕೆಂಬುದರ ಮೇಲೆಯೇ ನಿಂತಿತು. ಸಂದ ಪಾಲು ಕೊನೆಗೆ ಯಾರ ಕೈ ಸೇರುತ್ತದೆಂಬ ವಿಷಯಕ್ಕೆ ಸದನದ ಒಳಗೂ ಹೊರಗೂ ಅಷ್ಟು ಮಹತ್ವ ಸಿಗಲಿಲ್ಲ.