ಅರ್ಜಿ ಮಿಂಚಿನಲ್ಲಿ, ಅನುಮತಿ ಟಪ್ಪಾಲಿನಲ್ಲಿ

ನಗರದ ಒಳಗಿನಿಂದ ಹೊರಟ ಬಳ್ಳಾರಿ ರಸ್ತೆಯು, ಹೆಬ್ಬಾಳದ ಕೆರೆಯನ್ನು ಬಳಸಿ ಬ್ಯಾಟರಾಯನಪುರವನ್ನು ಸೇರುವುದಕ್ಕೆ ಬಹು ಮುಂಚೆಯೇ, ಒಂದು ಕಾಲಕ್ಕೆ ಮೈಸೂರು ಅರಸರದಾಗಿದ್ದ ‘ಅವಲಾನ್’ ಎಂಬ ಭವನದ ಮುಂದೆ ಹಾದುಬರುತ್ತದೆ. 1959ರಲ್ಲಿ ಸ್ಥಾಪಿತವಾಗಿ ಮರುವರ್ಷ ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟನೆಗೊಂಡ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇರುವುದು ಅಲ್ಲಿಯೇ. ಹಳ್ಳಿಗರು ಅಜ್ಞಾನದಿಂದ ಕೆಮ್ಮನ್ನು ಅಲಕ್ಷಿಸುತ್ತಾರೆಂಬ ಮಾತು ವೈದ್ಯವಲಯದಲ್ಲಿ ಸಿದ್ಧಾಂತದಂತೆಯೇ ನಡೆಯುತ್ತಿದ್ದ ಕಾಲದಲ್ಲಿ, ಆ ಸಂಸ್ಥೆಯ ಡಿ. ಬ್ಯಾನರ್ಜಿಯವರೂ ಸ್ಟಿಗ್ ಆಂಡರ್ಸನ್ ಅವರೂ ತುಮಕೂರು ಜಿಲ್ಲೆಯಲ್ಲಿ ರೋಗಿಗಳ ಮನೆಬಾಗಿಲಿನ ವಿಚಾರಣೆಯನ್ನಾಧರಿಸಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು, ಅಂಥ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಸರ್ಕಾರಿ ಔಷಧಾಲಯದ ಮೆಟ್ಟಿಲನ್ನು ಹತ್ತಿ ಬಂದಿದ್ದರೆಂಬ ಸಂಗತಿಯನ್ನು ಹೊರಗೆಡಹಿತು. ಜನರು ಬಂದಿದ್ದರು, ಕೆಮ್ಮಿನ ಔಷಧದ ಸೀಸೆಯನ್ನು ಕೈಗಿತ್ತು ಅವರನ್ನು ಹಿಂದಕ್ಕೆ ಕಳುಹಿಸಿದ್ದು ನಮ್ಮ ವ್ಯವಸ್ಥೆ.

ರೋಗಿಯೊಬ್ಬನ ನಾಡಿಯನ್ನಷ್ಟೇ ಅಲ್ಲದೆ ಒಂದು ಜಿಲ್ಲೆಯ ನಾಡಿಯನ್ನೂ ಹಿಡಿದು ನೋಡಬಲ್ಲ ಈ ವಿದ್ಯೆಯು ಆಸ್ಪತ್ರೆಯ ವಾರ್ಡಿನಲ್ಲಿ ತಾನಾಗಿ ಬರತಕ್ಕದ್ದಲ್ಲ. ಅದಕ್ಕಾಗಿಯೇ ಏರ್ಪಟ್ಟವು ಸಾರ್ವಜನಿಕ ಆರೋಗ್ಯದ ಫೆಲೋಶಿಪ್ಪುಗಳು. ಅಮೆರಿಕದಲ್ಲಿ 1951ರಲ್ಲಿ ಆರಂಭಗೊಂಡ ಸಾಂಕ್ರಾಮಿಕ ರೋಗ ಪತ್ತೆಯ ತರಬೇತಿಯನ್ನು ಮಾದರಿಯಾಗಿಟ್ಟುಕೊಂಡು, ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವು 2012ರಿಂದ ಎರಡು ವರ್ಷಗಳ ಅಂಥದೇ ತರಬೇತಿಯನ್ನು ನಡೆಸುತ್ತಿದೆ. ಇದೇ ಬಳ್ಳಾರಿ ರಸ್ತೆಯಲ್ಲಿ ಇನ್ನೂ ಉತ್ತರಕ್ಕೆ ನಡೆದು ಶಿಡ್ಲಘಟ್ಟದ ಕಡೆಗೆ ಹೊರಳಿದರೆ ಸಿಗುವ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ 2023ರಲ್ಲಿ ಜಿಕಾ ವೈರಾಣು ಪತ್ತೆಯಾಯಿತಷ್ಟೆ. ಅಂಥ ವಾರ್ತೆ ಬಂದ ದಿನ ಹಳ್ಳಿಗೆ ಧಾವಿಸಿ ಯಾರನ್ನು ಕೇಳಬೇಕು, ಏನನ್ನು ಎಣಿಸಬೇಕು ಎಂಬುದನ್ನು ಬಲ್ಲವರು ಪ್ರತಿ ಜಿಲ್ಲೆಯಲ್ಲಿಯೂ ಬೇಕು.

ಇಂಥ ಅವಕಾಶಗಳಿಗೆ ಅರ್ಜಿಯನ್ನು ಈಗ ಗಣಕಜಾಲದ ಮೂಲಕವೇ ಹಾಕಬೇಕಾಗಿರುವುದನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಆರೋಗ್ಯ ಘಟಕವು ತಲೆಯೆತ್ತಿದ 1929ರ ಸುಮಾರಿನ ದಿನಗಳಲ್ಲಿ, ಆ ಪ್ರತಿಷ್ಠಾನದ ವಿದೇಶ ವ್ಯಾಸಂಗದ ವೇತನಗಳು ಅರ್ಜಿ ಹಾಕಿದವರಿಗೆ ಸಲ್ಲುತ್ತಿರಲಿಲ್ಲ. ಅಧಿಕಾರಿಗಳ ಕಣ್ಣಿಗೆ ಬಿದ್ದು ನಾಮನಿರ್ದೇಶನಗೊಂಡವರಿಗೆ ಸಲ್ಲುತ್ತಿದ್ದುವು. ಆರಿಸಲ್ಪಟ್ಟವರು ಸಮರ್ಥರೇ ಇದ್ದರೆಂದು ಒಪ್ಪೋಣ; ಕಣ್ಣಿಗೆ ಬೀಳದೆ ಉಳಿದವರ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ. ಪರದೆಯ ಮೇಲೆ ಮೂಡುವ ಸ್ವೀಕೃತಿ ಸಂಖ್ಯೆಯು ಪರಿಚಯವನ್ನೂ ಜಾತಿಯನ್ನೂ ಕೇಳದು. ಅರ್ಜಿ ಬರಲೇ ಇಲ್ಲವೆಂದು ಹೇಳುವ ಸ್ವಾತಂತ್ರ್ಯವನ್ನೂ ಅದು ಕಛೇರಿಗಳಿಂದ ಕಿತ್ತುಕೊಂಡಿದೆ. ಇದು ಸಣ್ಣ ಲಾಭವಲ್ಲ.

ಆದರೆ ಅರ್ಜಿಯ ಜತೆಗೆ ಲಗತ್ತಿಸಬೇಕಾದ ಒಂದು ಕಾಗದವಿದೆ. ಸರ್ಕಾರಿ ಸೇವೆಯಲ್ಲಿರುವವರು ಮೇಲಧಿಕಾರಿಗಳ ನಿರಾಕ್ಷೇಪಣಾ ಪತ್ರವನ್ನು ತರಬೇಕೆಂಬ ನಿಯಮವು ನ್ಯಾಯವಾದದ್ದೇ. ಆ ಪತ್ರವು ಹುಟ್ಟುವ ಬಗೆಯಲ್ಲಿ ಮಾತ್ರ ನನ್ನ ಆಕ್ಷೇಪಣೆಯಿದೆ. ಬ್ಯಾಟರಾಯನಪುರದ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆಳಗಿನಿಂದ ಜ್ವರದ ಸಾಲನ್ನು ನೋಡುತ್ತ, ಕೊಡಿಗೇಹಳ್ಳಿಯ ಯಾವ ಅಡ್ಡರಸ್ತೆಯಿಂದ ಡೆಂಗಿ ಹೆಚ್ಚಾಗಿ ಬರುತ್ತಿದೆಯೆಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವಷ್ಟು ಆಸಕ್ತಿಯುಳ್ಳ ಒಬ್ಬ ತರುಣ ವೈದ್ಯೆಯನ್ನು ಕಲ್ಪಿಸಿಕೊಳ್ಳಿ. ಆಕೆ ಪಾಲಿಕೆಯ ನೌಕರಳೋ, ಇಲಾಖೆಯಿಂದ ನಿಯೋಜನೆಯ ಮೇಲೆ ಬಂದವಳೋ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯವಳೋ ಎಂಬುದರ ಮೇಲೆ ಪತ್ರವನ್ನು ಕೇಳಬೇಕಾದ ಬಾಗಿಲೇ ಬೇರೆಯಾಗುತ್ತದೆ. 2007ರವರೆಗೆ ತನ್ನದೇ ನಗರಸಭೆಯಿದ್ದು, ಬಳಿಕ ಬೃಹತ್ ಮಹಾನಗರ ಪಾಲಿಕೆಯಲ್ಲಿ ವಿಲೀನಗೊಂಡು, 2025ರಲ್ಲಿ ಆ ಪಾಲಿಕೆಯೂ ಐದಾಗಿ ಒಡೆದುದನ್ನು ಕಂಡ ಈ ಊರಿನಲ್ಲಿ, ಯಾವ ಕಡತ ಯಾವ ಮೇಜಿನಲ್ಲಿದೆಯೆಂಬುದನ್ನು ಅರಿಯುವುದಕ್ಕೇ ಒಂದು ಪತ್ತೆದಾರಿ ತರಬೇತಿ ಬೇಕು! ವಿಷಯ ನಿರ್ವಾಹಕರು ಟಿಪ್ಪಣಿ ಬರೆದು, ಮೇಲಿನವರು ‘ಚರ್ಚಿಸಿ’ ಎಂದು ಷರಾ ಹಾಕಿ, ಚರ್ಚಿಸಬೇಕಾದವರು ರಜೆಯ ಮೇಲೆ ತೆರಳಿ, ಕಡತವು ಮಾಗಡಿ ರಸ್ತೆಯ ಆರೋಗ್ಯ ಸೌಧವನ್ನು ಮುಟ್ಟುವಷ್ಟರಲ್ಲಿ, ಪೋರ್ಟಲ್ಲು ಘೋಷಿತ ದಿನದ ನಡುರಾತ್ರಿಗೆ ಸರಿಯಾಗಿ, ಒಂದು ನಿಮಿಷದ ದಾಕ್ಷಿಣ್ಯವನ್ನೂ ತೋರದೆ ಮುಚ್ಚಿಕೊಂಡಿರುತ್ತದೆ. ಹೊಸ ಪದ್ಧತಿಯ ವೇಗಕ್ಕೆ ಹಳೆಯ ಪದ್ಧತಿಯ ನಿಧಾನವನ್ನು ಗಂಟುಹಾಕಿದುದರ ಫಲವಿದು.

ಇದಕ್ಕೆ ಪರಿಹಾರವನ್ನು ಹೊರನಾಡಿನಲ್ಲಿ ಅರಸಬೇಕಾಗಿಲ್ಲ. ನಾಗರಿಕ ಸೇವೆಗಳನ್ನು ನಿಗದಿತ ಅವಧಿಯಲ್ಲಿ ಒದಗಿಸಬೇಕೆಂದು ವಿಧಿಸುವ 2011ರ ‘ಸಕಾಲ’ ಕಾಯಿದೆಯನ್ನು ಮಾಡಿದ್ದು ನಮ್ಮ ರಾಜ್ಯವೇ; ತಡವಾದ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದ ಹಾಗೆ, ಅರ್ಜಿದಾರನಿಗೆ ಪರಿಹಾರ ಸಲ್ಲಬೇಕೆಂಬ ಕಟ್ಟಳೆಯೂ ಅದರಲ್ಲಿದೆ. ಜಾತಿ ಪ್ರಮಾಣಪತ್ರಕ್ಕೆ ಸಲ್ಲುವ ಈ ಮರ್ಯಾದೆಯು ಇಲಾಖೆಯ ಸ್ವಂತ ವೈದ್ಯರ ಅರ್ಜಿಗೆ ಏಕೆ ಸಲ್ಲಬಾರದು? ಅಭ್ಯರ್ಥಿಯು ನೇರವಾಗಿ ಅರ್ಜಿ ಹಾಕಲಿ. ಹಾಕಿದೊಡನೆ ಸೂಚನೆಯು ಅನುಮತಿ ಕೊಡತಕ್ಕ ಅಧಿಕಾರಿಯ ಪರದೆಗೇ ಹೋಗಲಿ. ಹದಿನೈದು ದಿನಗಳೊಳಗೆ ಕಾರಣಸಹಿತವಾದ ನಿರಾಕರಣೆ ಬಾರದಿದ್ದಲ್ಲಿ ಸಮ್ಮತಿ ದೊರೆತುದಾಗಿಯೇ ಭಾವಿಸತಕ್ಕದ್ದೆಂದು ಆಜ್ಞೆಯಾಗಲಿ.

ಅರ್ಜಿಯ ಭಾಷೆಯ ಬಗೆಗೂ ಒಂದು ಮಾತು. ವೈದ್ಯರಿಗೆ ಇಂಗ್ಲಿಷು ತೊಡಕಾಗದು, ನಿಜ. ಆದರೆ ಇಂಥ ತರಬೇತಿಗಳ ಮೊದಲ ಹಂತವು ಮೂರು ತಿಂಗಳಿನದಾಗಿದ್ದು, ತಳಮಟ್ಟದ ಸಿಬ್ಬಂದಿಗೆಂದೇ ರೂಪಿತವಾದುದು. ಮನೆಮನೆಯ ತೊಟ್ಟಿಯಲ್ಲಿ ಲಾರ್ವಾ ಹುಡುಕುತ್ತ ಹದಿನೈದು ವರ್ಷ ಸವೆಸಿದ ಆರೋಗ್ಯ ನಿರೀಕ್ಷಕನು ‘ನಿಮ್ಮ ಧ್ಯೇಯವನ್ನು ವಿವರಿಸಿ’ ಎಂಬ ಚೌಕದೆದುರು ಇಂಗ್ಲಿಷಿನಲ್ಲಿ ತಡವರಿಸಿ, ಕೊನೆಗೆ ಸೈಬರ್ ಸೆಂಟರಿನ ಹುಡುಗನಿಂದ ಯಾರದೋ ಧ್ಯೇಯವನ್ನು ಬರೆಸಿ ಹಾಕುವಂತಾದರೆ, ಆರಿಸುವವರ ಕೈಗೆ ಸಿಗುವುದು ಆ ಹುಡುಗನ ಪ್ರತಿಭೆಯೇ ಹೊರತು ನಿರೀಕ್ಷಕನದಲ್ಲ. ಆತನು ಕನ್ನಡದಲ್ಲಿ ಬರೆಯಲಿ, ಓದಬಲ್ಲವರು ಆಯ್ಕೆ ಸಮಿತಿಯಲ್ಲಿ ಕುಳಿತಿರಲಿ.

ಇಷ್ಟೆಲ್ಲಕ್ಕೂ ಇಲಾಖೆಯವರು ಒಂದು ಪ್ರತಿಪ್ರಶ್ನೆಯನ್ನು ಹಾಕಿಯೇ ಹಾಕುತ್ತಾರೆ: ಇದ್ದೊಬ್ಬ ವೈದ್ಯೆಯನ್ನು ಎರಡು ವರ್ಷ ಬಿಟ್ಟುಕೊಟ್ಟರೆ ಜ್ವರದ ಸಾಲನ್ನು ನೋಡುವವರಾರು? ಈ ಪ್ರಶ್ನೆಗೆ ಯಾವ ಪೋರ್ಟಲ್ಲಿನಲ್ಲಿಯೂ ಉತ್ತರವಿಲ್ಲ. ತರಬೇತಿಗೆ ತೆರಳುವವರ ಜಾಗದಲ್ಲಿ ಕೂರಿಸುವುದಕ್ಕೆಂದೇ ಕೆಲವು ಮೀಸಲು ಹುದ್ದೆಗಳನ್ನು ಮಂಜೂರು ಮಾಡಿದರೆ ಉತ್ತರ ದೊರೆತೀತು. ಅದನ್ನು ಕೊಡಬೇಕಾದದ್ದು ಆರ್ಥಿಕ ಇಲಾಖೆ. ಕೊಡುವುದಾದರೆ ಮುಂದಿನ ಸಾಲಿನ ಅರ್ಜಿಗಳ ಕೊನೆಯ ದಿನಕ್ಕೆ ಮೊದಲೇ ಕೊಡಲಿ.